ಮಳೆಗಾಲದ ನುಸಿ: ನಾಲ್ಕು ಭಾನುವಾರ ಎಲ್ಲರೂ ಸೇರಿ ಮಾಡೋಣ್ವಾ?

ಮನೆ 9 | ಭಾನುವಾರ ರಾತ್ರಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ನುಸಿ ಕಾಟ ತಡೆಯಲು ಆಗುತ್ತಿಲ್ಲ. ಅನ್ನದ ತಟ್ಟೆ ಮೇಲೆ, ದೀಪದ ಸುತ್ತ, ಕಾಫಿ ಲೋಟದೊಳಗೆ. ನಮ್ಮ ಮಾವನವರಿಗೆ 81 ವರ್ಷ. ಹಾಸಿಗೆ ಹಿಡಿದಿದ್ದಾರೆ, ಕೈ ಎತ್ತಿ ಓಡಿಸಲು ಆಗುವುದಿಲ್ಲ. ನಿನ್ನೆ ಅವರ ಕಣ್ಣಿನ ಮೂಲೆಯಲ್ಲಿ ಎರಡು ನುಸಿ ಕೂತಿದ್ದವು. ನೋಡಿ ಕರುಳು ಕಿತ್ತು ಬಂತು. ಅವರಿಗೆ ಉಬ್ಬಸ ಇರುವುದರಿಂದ ಸ್ಪ್ರೇ ಹೊಡೆಯುವಂತಿಲ್ಲ, ಸಾಂಬ್ರಾಣಿ ಹೊಗೆಯೂ ಆಗುವುದಿಲ್ಲ. ನಿಮ್ಮ ಮನೆಗಳಲ್ಲೂ ಇದೆಯಾ? ಇದ್ದರೆ ಏನು ಮಾಡುತ್ತಿದ್ದೀರಿ, ದಯವಿಟ್ಟು ಹೇಳಿ.

ಮನೆ 4
ಇದೆ ಅಕ್ಕ. ಬಾಳೆಗೊನೆಯಿಂದ ಬರುತ್ತಿದೆ ಅಂದುಕೊಂಡು ಗೊನೆಯನ್ನೇ ಹೊರಗಿಟ್ಟೆ. ಒಂದು ವಾರ ಆಯ್ತು, ಒಂದು ಚೂರೂ ಕಡಿಮೆ ಆಗಿಲ್ಲ.

ಮನೆ 17
ನಮ್ಮಲ್ಲಿ ಬಚ್ಚಲಲ್ಲಿ ಮಾತ್ರ. ಹಾರುವುದು ಕಡಿಮೆ, ಗೋಡೆಗೆ ಅಂಟಿಕೊಂಡ ಹಾಗೆ ಕೂತಿರುತ್ತವೆ. ಮುಟ್ಟಿದರೆ ಕೈಗೆ ಬೂದಿ ಹಚ್ಚಿದ ಹಾಗೆ ಆಗುತ್ತದೆ.

ಮನೆ 2
ಕಳೆದ ಮಳೆಗಾಲದಲ್ಲೂ ಹೀಗೇ ಇತ್ತು. ಎಲ್ಲರೂ ಒಂದು ಅರ್ಜಿಗೆ ಸಹಿ ಹಾಕೋಣ. ಫಾಗಿಂಗ್ ಮೆಷಿನ್ ತರಿಸಿ ಇಡೀ ಬಡಾವಣೆಗೆ ಹೊಗೆ ಹೊಡೆಸಿಬಿಡೋಣ.

ಮನೆ 12
ಅಣ್ಣ, ಫಾಗಿಂಗ್ ಬೇಡ ಅಂತ ನನ್ನ ಅಭಿಪ್ರಾಯ. ಆ ಹೊಗೆ ಹಾರುತ್ತಿರುವ ಹುಳುವನ್ನು ಮಾತ್ರ ಕೊಲ್ಲುತ್ತದೆ. ಮರಿ ಇರುವುದು ಕುಂಡದ ಮಣ್ಣಿನೊಳಗೆ, ಮೋರಿಯ ಲೋಳೆಯೊಳಗೆ. ಅಲ್ಲಿಗೆ ಹೊಗೆ ಹೋಗುವುದೇ ಇಲ್ಲ. ಈ ಮಡಿಕೇರಿ ಮಳೆ ಗಾಳಿಯಲ್ಲಿ ಹೊಗೆ ನಿಲ್ಲುವುದೂ ಇಲ್ಲ. ಹಿಂದಿನ ಸಾಲಿನಲ್ಲಿ ಎರಡು ಮನೆಯವರು ಜೇನು ಪೆಟ್ಟಿಗೆ ಇಟ್ಟಿದ್ದಾರೆ, ಆ ಹುಳುಗಳ ಗತಿ ಏನು? 9ನೇ ಮನೆ ಮಾವನವರ ಉಬ್ಬಸವನ್ನೂ ನೆನಪಿಡಬೇಕು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನಾವೆಲ್ಲ ನುಸಿ ಅಂತ ಒಂದೇ ಹೆಸರು ಹಿಡಿದು ಕರೆಯುತ್ತಿದ್ದೇವೆ. ಆದರೆ ನಿಮ್ಮ ಮೂವರ ಮಾತು ಓದಿದರೆ ನಮ್ಮ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಜಾತಿ ಇರುವ ಹಾಗಿದೆ. ಯಾವುದು ಅಂತ ಗೊತ್ತಾಗದೆ ಏನು ಮಾಡಿದರೂ ದಂಡ.

ಕಂದು ಮೈ, ಕೆಂಪು ಕಣ್ಣು, ಹಣ್ಣಿನ ಬುಟ್ಟಿ ಬಿಟ್ಟು ಹೋಗುವುದಿಲ್ಲ ಅಂದರೆ ಅದು ಹಣ್ಣಿನ ನೊಣ. ಕಪ್ಪಗೆ, ಸೊಳ್ಳೆಯ ಹಾಗೆ ಉದ್ದ ಕಾಲು, ಹಾರಲು ಶಕ್ತಿ ಇಲ್ಲದ ಹಾಗೆ ತೂರಾಡುತ್ತದೆ, ಕಿಟಕಿ ಗಾಜಿಗೆ ಬಂದು ಕೂರುತ್ತದೆ ಅಂದರೆ ಅದು ಕುಂಡದ ಮಣ್ಣಿನ ನುಸಿ. ಕಚ್ಚುವುದಿಲ್ಲ. 17ನೇ ಮನೆಯವರು ಹೇಳಿದ್ದು ಮೋರಿ ನೊಣ. ಮೈ ತುಂಬ ರೋಮ, ಪುಟ್ಟ ಪತಂಗದ ಹಾಗೆ ರೆಕ್ಕೆ. ಆ ಬೂದಿ ಅದರ ರೆಕ್ಕೆ ಪುಡಿ.

ಇವತ್ತು ಮಲಗುವ ಮೊದಲು ಎಲ್ಲರೂ ಮೂರು ಪರೀಕ್ಷೆ ಮಾಡಿ. ಬಚ್ಚಲ ಜಾಲರಿ ಮೇಲೆ ಸೆಲ್ಲೋ ಟೇಪನ್ನು ಅಂಟು ಕೆಳಗೆ ಬರುವ ಹಾಗೆ ಅಂಟಿಸಿ, ಪಕ್ಕದಲ್ಲಿ ಸ್ವಲ್ಪ ಗಾಳಿಗೆ ಜಾಗ ಇರಲಿ. ಕುಂಡದ ಮಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಒತ್ತಿಡಿ. ಅಡುಗೆಮನೆಯಲ್ಲಿ ಒಂದು ಲೋಟಕ್ಕೆ ವಿನೆಗರ್ ಹಾಕಿ, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು. ಸೋಪು ಇದ್ದರೆ ನೊಣ ನೀರಿನ ಮೇಲೆ ನಿಲ್ಲಲಾಗದೆ ಮುಳುಗುತ್ತದೆ. ಆಲೂಗಡ್ಡೆಯನ್ನು ಎರಡು ದಿನ ಬಿಡಿ, ಉಳಿದದ್ದು ಬೆಳಗ್ಗೆಯೇ ನೋಡಬಹುದು.

ಮನೆ 21
ಟೀಚರ್, ವಿನೆಗರ್ ಇಲ್ಲ. ಕಾಚಂಪುಲಿ (ನಮ್ಮ ಕೊಡಗಿನ ಕಪ್ಪು ಹುಳಿ ರಸ) ಆಗುತ್ತದಾ?

ಮನೆ 12
ಅದನ್ನು ಪಂದಿ ಕರಿಗೆ, ಅಂದರೆ ಹಂದಿ ಸಾರಿಗೆ ಇಟ್ಟುಕೊಳ್ಳಿ. ಕಾಚಂಪುಲಿಯ ಹುಳಿಯೇ ಬೇರೆ, ವಿನೆಗರ್ ಹುಳಿಯೇ ಬೇರೆ. ನೊಣ ಬರುವುದು ಹುಳಿಗಲ್ಲ, ಹುದುಗು ಬಂದ ವಾಸನೆಗೆ. ಚೆನ್ನಾಗಿ ಮಾಗಿದ ಬಾಳೆಹಣ್ಣಿನ ತುಂಡು ಸಾಕು.

ಮನೆ 9 | ಬುಧವಾರ ಬೆಳಗ್ಗೆ
ಟೀಚರ್, ಆಲೂಗಡ್ಡೆ ಬಿಲ್ಲೆ ತೆಗೆದು ನೋಡಿದೆ. ಮೊದಲು ಏನೂ ಕಾಣಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ಹಿಡಿದಾಗ ಬಿಲ್ಲೆಯ ಅಡಿಯಲ್ಲಿ ಸಣ್ಣ ಸಣ್ಣ ಹುಳು. ಮೈ ಗಾಜಿನ ದಾರದ ಹಾಗೆ, ಒಳಗಿನದೆಲ್ಲ ಕಾಣುತ್ತದೆ. ತಲೆ ಮಾತ್ರ ಕಪ್ಪು, ಸಾಸಿವೆ ಚೂರಿನಷ್ಟೂ ಇಲ್ಲ. ಒಂದೇ ಬಿಲ್ಲೆಯಲ್ಲಿ ಹನ್ನೊಂದು ಎಣಿಸಿದೆ. ಇದು ಮಾವನವರ ಕಿಟಕಿ ಪಕ್ಕದ ಆಂಥೂರಿಯಂ ಕುಂಡ. ಅವರಿಗೆ ಹೂವು ಕಾಣಲಿ ಅಂತ ಮಳೆ ಶುರುವಾದಾಗ ನಾನೇ ಒಳಗೆ ತಂದಿಟ್ಟಿದ್ದು.

ಮನೆ 12
ಸರಿಯಾಗಿ ಕಂಡುಹಿಡಿದಿರಿ. ಕಪ್ಪು ತಲೆ ಇದ್ದರೆ ಅನುಮಾನವೇ ಬೇಡ, ಮಣ್ಣಿನ ನುಸಿಯ ಮರಿ. ಒದ್ದೆ ಮಣ್ಣಿನ ಮೇಲಿನ ಎರಡು ಮೂರು ಇಂಚಿನಲ್ಲೇ ಇರುತ್ತದೆ. ಬೂಸ್ಟು, ಕೊಳೆತ ಎಲೆ, ಎಳೆ ಬೇರು ತಿನ್ನುತ್ತದೆ. ನೀವು ಹೂವು ಇಟ್ಟಿದ್ದು ತಪ್ಪಲ್ಲ ಕಣಮ್ಮ, ಮಣ್ಣು ಒದ್ದೆ ಇದ್ದದ್ದು ತೊಂದರೆ.

ಮನೆ 4
ನಮ್ಮಲ್ಲೂ ಕಪ್ಪು ತಲೆಯದ್ದೇ. ತೋಟದಿಂದ ತಂದ ಕಾಫಿ ಸಿಪ್ಪೆ ಗೊಬ್ಬರ ಹಾಕಿದ್ದೆ. ಈಗ ಕೆದಕಿ ನೋಡಿದರೆ ಸಿಪ್ಪೆ ಇನ್ನೂ ಸಿಪ್ಪೆಯಾಗಿಯೇ ಇದೆ, ಬಿಳಿ ಬೂಸ್ಟು ಹಿಡಿದಿದೆ. ಅದೇ ಗೊಬ್ಬರವನ್ನು ನಾನು 6, 9, 21ನೇ ಮನೆಗೂ ಕೊಟ್ಟಿದ್ದೆ. ಎಲ್ಲರ ಕ್ಷಮೆ ಕೇಳುತ್ತೇನೆ.

ಮನೆ 17
ಟೇಪಿಗೆ ಒಂಬತ್ತು ಅಂಟಿವೆ. ಎರಡು ದಿನದಿಂದ ಬ್ಲೀಚಿಂಗ್ ನೀರು, ಕುದಿಯುವ ನೀರು ಎಲ್ಲ ಸುರಿದೆ. ಸಂಜೆಗೆ ಮತ್ತೆ ಅಷ್ಟೇ.

ಮನೆ 12
ಸುರಿದರೆ ಹೋಗುವುದಿಲ್ಲ. ಪೈಪಿನ ಒಳಗೋಡೆಗೆ ಕೂದಲು, ಸೋಪು, ಎಣ್ಣೆ ಸೇರಿ ಲೋಳೆ ಕಟ್ಟಿರುತ್ತದೆ. ಮರಿ ಅದರೊಳಗೆ ಹುದುಗಿರುತ್ತದೆ, ನೀರು ಮೇಲಿನಿಂದ ಜಾರಿ ಹೋಗುತ್ತದೆ. ಜಾಲರಿ ಬಿಚ್ಚಿ, ಉದ್ದ ಬಾಟಲಿ ಬ್ರಶ್ ಹಾಕಿ ಉಜ್ಜಿ ಲೋಳೆ ಎಳೆದು ತೆಗೆಯಬೇಕು. ಆಮೇಲೆ ಬಿಸಿ ನೀರು. ಇನ್ನೊಂದು ಮಾತು, ಎಲ್ಲರೂ ಗಮನವಿಟ್ಟು ಓದಿ: ಬ್ಲೀಚಿಂಗ್ ಹಾಕಿದ ಕಡೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಮನೆ 6
ಮಣ್ಣು ಒಣಗಿಸಿ ಅಂತ ಎಲ್ಲರೂ ಹೇಳುತ್ತಾರೆ. ಈ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮೈ ಒರೆಸುವ ಟವೆಲ್ಲೇ ಒಣಗುವುದಿಲ್ಲ. ಕುಂಡ ಹೇಗೆ ಒಣಗುತ್ತದೆ?

ಮನೆ 12
ನ್ಯಾಯವಾದ ಪ್ರಶ್ನೆ. ನಮ್ಮ ಊರಲ್ಲಿ ಈಗ ಒಣಗಿಸಲು ಆಗುವುದಿಲ್ಲ, ಹೊಸದಾಗಿ ನೆನೆಸದೆ ಇರಲು ಆಗುತ್ತದೆ. ಒಳಗಿರುವ ಕುಂಡಕ್ಕೆ ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ತಂಪು ಇದ್ದರೆ ನೀರು ಬೇಡ. ಈ ಚಳಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರೂ ಜಾಸ್ತಿಯೇ. ಅಡಿ ತಟ್ಟೆಯ ನೀರು ದಿನಾ ಚೆಲ್ಲಿ. ಮೇಲಿನ ಎರಡು ಇಂಚು ಮಣ್ಣು, ಬೂಸ್ಟು ಹಿಡಿದ ಸಿಪ್ಪೆ ಸಮೇತ ಕೆರೆದು ತೆಗೆಯಿರಿ. ನಾನು ಮರಳನ್ನು ಹಳೆ ಬಾಣಲೆಯಲ್ಲಿ ಹಾಕಿ, ಕಡಲೆ ಹುರಿದ ಹಾಗೆ ಒಲೆ ಮೇಲೆ ಹುರಿದೆ. ಆರಿದ ಮೇಲೆ ಕುಂಡದ ಮೇಲೆ ಒಂದು ಇಂಚು ಹರಡಿದೆ. ದಪ್ಪ ಮರಳಿನ ಮೇಲ್ಭಾಗ ಬೇಗ ಒಣಗುತ್ತದೆ, ನುಸಿಗೆ ಮೊಟ್ಟೆ ಇಡಲು ಜಾಗ ಕಡಿಮೆಯಾಗುತ್ತದೆ. ನಮ್ಮಲ್ಲಿ ಗುಣ ಕಂಡಿದೆ.

ಮನೆ 14
ನಾನು ಗೊಬ್ಬರ, ಔಷಧಿ ವ್ಯಾಪಾರದಲ್ಲಿ ಇರುವವನು, ಒಂದು ಸೇರಿಸುತ್ತೇನೆ. ಬಿಟಿಐ ಅಂತ ಒಂದು ಬ್ಯಾಕ್ಟೀರಿಯಾ ಪುಡಿ ಇದೆ, ಸೊಳ್ಳೆ ಮರಿಗೆ ನೀರಿನಲ್ಲಿ ಹಾಕುತ್ತಾರೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಅದನ್ನು ನೀರಿಗೆ ಕಲಸಿ ಕುಂಡಕ್ಕೆ ಹಾಕಿದರೆ ಮಣ್ಣಿನ ನುಸಿ ಮರಿಯೂ ಸಾಯುತ್ತದೆ. ಹೊಗೆ ಇಲ್ಲ, ಜೇನು ಹುಳುಗಳಿಗೂ ತೊಂದರೆ ಇಲ್ಲ. ಆದರೆ ಲೇಬಲ್ ಮೇಲೆ ಇಸ್ರೇಲೆನ್ಸಿಸ್ ಅಂತ ಇರಬೇಕು. ಕುರ್ಸ್ತಾಕಿ ಅಂತ ಇದ್ದರೆ ಅದು ಎಲೆ ತಿನ್ನುವ ಕಂಬಳಿಹುಳಕ್ಕೆ, ಇದಕ್ಕೆ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಎರಡಕ್ಕೂ ಬಿಟಿ ಅಂತಲೇ ಹೇಳುತ್ತಾರೆ. ನಾನು ಒಂದು ಪ್ಯಾಕೆಟ್ ತರುತ್ತೇನೆ, ಎಲ್ಲರೂ ಹಂಚಿಕೊಳ್ಳೋಣ.

ಮನೆ 9
ಹಾಗಾದರೆ ನನ್ನದೊಂದು ಕೋರಿಕೆ. ಒಬ್ಬೊಬ್ಬರೇ ಮಾಡಿದರೆ ನನ್ನ ಮನೆಯದು ನಿಮ್ಮಲ್ಲಿಗೆ, ನಿಮ್ಮದು ನನ್ನಲ್ಲಿಗೆ ಬರುತ್ತಲೇ ಇರುತ್ತದೆ. ಮೊಟ್ಟೆ ಹಾರುವ ಹುಳು ಆಗಲು ಎಷ್ಟು ದಿನ ಟೀಚರ್?

ಮನೆ 12
ಮಣ್ಣಿನ ನುಸಿಗೆ ಮೂರರಿಂದ ನಾಲ್ಕು ವಾರ, ಚಳಿ ಇದ್ದರೆ ಇನ್ನೂ ನಿಧಾನ. ಅದಕ್ಕೇ ಒಂದು ಸಲ ಮಾಡಿ ಕೈಬಿಟ್ಟರೆ ಮಣ್ಣಿನಲ್ಲಿ ಉಳಿದದ್ದು ಮತ್ತೆ ಎದ್ದು ಬರುತ್ತದೆ.

ಮನೆ 9
ಹಾಗಿದ್ದರೆ ನಾಲ್ಕು ಭಾನುವಾರ, ಬೆಳಗ್ಗೆ 9 ಗಂಟೆಗೆ, ಎಲ್ಲ ಮನೆಯಲ್ಲೂ ಒಂದೇ ಸಲ ಕುಂಡ ಮತ್ತು ಬಚ್ಚಲು. ಒಪ್ಪಿಗೆ ಇದ್ದವರು ಮನೆ ನಂಬರ್ ಹಾಕಿ.

ಮನೆ 4: 4
ಮನೆ 17: 17. ಬ್ರಶ್ ತಂದಾಯ್ತು.
ಮನೆ 6: 6
ಮನೆ 14: 14. ಹಳದಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹರಳೆಣ್ಣೆ ಸವರಿ ಕೊಡುತ್ತೇನೆ. ಕುಂಡದ ಪಕ್ಕ ನಿಲ್ಲಿಸಿ, ಹಾರುವ ನುಸಿ ಬಂದು ಅಂಟುತ್ತದೆ. ವಾರಕ್ಕೊಮ್ಮೆ ಎಣಿಸಿದರೆ ಕಡಿಮೆ ಆಗುತ್ತಿದೆಯಾ ಅಂತ ತಿಳಿಯುತ್ತದೆ.

ಮನೆ 21
ನಾನು ಬರುತ್ತೇನೆ. ಆದರೆ ಮೂಲೆಯ ಖಾಲಿ ಸೈಟಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಹಲಸಿನ ಸಿಪ್ಪೆ, ಕಣಿಲೆ (ಎಳೆ ಬಿದಿರು) ಸಿಪ್ಪೆ, ಹಳೆ ಕುಂಡದ ಮಣ್ಣು ಎಲ್ಲ ಅಲ್ಲೇ ಬೀಳುತ್ತಿದೆ. ನಿನ್ನೆ ಆ ಕಡೆ ಹೋಗಿದ್ದೆ. ಹಲಸಿನ ರಾಶಿ ಮೇಲೆ ನೊಣ ಹೊಗೆಯ ಹಾಗೆ ಏಳುತ್ತಿತ್ತು. ನಾವು ಒಳಗೆ ಎಷ್ಟು ಉಜ್ಜಿದರೂ ಅದು ಹಾಗೇ ಇದ್ದರೆ ಪ್ರಯೋಜನ ಇಲ್ಲ.

ಮನೆ 2
ಈ ಮಾತು ಸರಿ. ನಮ್ಮ ಮನೆಯಿಂದಲೂ ಅಲ್ಲಿಗೇ ಹಾಕಿದ್ದೇವೆ, ಇನ್ನು ಹಾಕುವುದಿಲ್ಲ. ಫಾಗಿಂಗ್ ಮಾತು ಬಿಡುತ್ತೇನೆ. ಸೈಟಿನವರು ಬೆಂಗಳೂರಿನಲ್ಲಿದ್ದಾರೆ, ನಾನೇ ಫೋನ್ ಮಾಡುತ್ತೇನೆ.

ಮನೆ 9 | ನಾಲ್ಕನೇ ಭಾನುವಾರ
ನಮ್ಮ ಹಳದಿ ಹಾಳೆ ಲೆಕ್ಕ: ಮೊದಲ ವಾರ 63, ಎರಡನೇ ವಾರ 58, ಮೂರನೇ ವಾರ 19, ಈ ವಾರ 4. ಎರಡನೇ ವಾರ ನನಗೆ ನಂಬಿಕೆಯೇ ಹೋಗಿತ್ತು. ಟೀಚರ್ ಮನೆಗೆ ಬಂದು, ಇವು ಮೊದಲೇ ಮಣ್ಣಿನಲ್ಲಿದ್ದವು, ತಾಳಿ ಅಂದರು. ಮಾವನವರ ಕಿಟಕಿಯಲ್ಲಿ ಆಂಥೂರಿಯಂ ಹಾಗೇ ಇದೆ, ಹೊಸ ಎಲೆ ಬಿಟ್ಟಿದೆ. ನಿನ್ನೆ ಅವರು ಮಧ್ಯಾಹ್ನ ಮುಖಕ್ಕೆ ಬಟ್ಟೆ ಹಾಕಿಕೊಳ್ಳದೆ ಮಲಗಿದರು.

ಮನೆ 17
ಬಚ್ಚಲ ಟೇಪಿನಲ್ಲಿ ಒಂದೂ ಇಲ್ಲ.

ಮನೆ 4
ನಮ್ಮಲ್ಲಿ 12 ಇದೆ. ಇನ್ನೊಂದು ಭಾನುವಾರ ಮಾಡುತ್ತೇನೆ.

ಮನೆ 2
ಸೈಟಿನವರು ಒಪ್ಪಿದ್ದಾರೆ, ಅಲ್ಲೇ ಗುಂಡಿ ತೋಡಿ ಆ ಕಸ ಮುಚ್ಚಲು ಅಭ್ಯಂತರ ಇಲ್ಲ ಅಂದರು. ಶನಿವಾರ ಬೆಳಗ್ಗೆ 8ಕ್ಕೆ. ಹಾರೆ, ಗುದ್ದಲಿ ಇದ್ದವರು ತನ್ನಿ, ಬೂಟು ಹಾಕಿಕೊಂಡು ಬನ್ನಿ, ಜಿಗಣೆ ಇದೆ. ಗುಂಡಿಯನ್ನು ಒಂದೂವರೆ ಅಡಿ ತೋಡಿದರೆ ಸಾಕಾ ಟೀಚರ್?

ಮನೆ 12
ಎರಡು ಅಡಿ ತೋಡಿ ಅಣ್ಣ. ಮೇಲೆ ಮಣ್ಣು ದಪ್ಪಕ್ಕೆ ಬರಲಿ. ನಾನು ಎಲ್ಲರಿಗೂ ಕಾಫಿ ತರುತ್ತೇನೆ.