ಮೈಸೂರು ಮನೆಯವರ ಗುಂಪಿನಲ್ಲಿ: ದಿನಾ ಕ್ಷಮೆ ಕೇಳಬೇಕಾ?

ಭಾವ: (ಫಾರ್ವರ್ಡ್ ಆದ ಪೋಸ್ಟರ್) “ಶಿಲುಬೆಯಲ್ಲಿ ನಿನ್ನ ಎಲ್ಲ ಪಾಪ ತೀರಿತು. ನಿನ್ನೆಯದು, ಇಂದಿನದು, ನಾಳೆಯದು. ಮತ್ತೆ ಮತ್ತೆ ಕ್ಷಮೆ ಕೇಳುವವನು ಶಿಲುಬೆಯನ್ನೇ ನಂಬಿಲ್ಲ.”

ಭಾವ: ಎಲ್ಲರೂ ಓದಿ. ಮನಸ್ಸು ಹಗುರ ಆಗುತ್ತದೆ.

ಅಕ್ಕ: ನಾಳೆ ವೆಸ್ಲಿ ಚರ್ಚಿಗೆ ಹೋಗುತ್ತೇವಲ್ಲ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮೊದಲು ಎಲ್ಲರೂ ಓದುವ ಪಾಪದ ಅರಿಕೆ ಇರುತ್ತದೆ. ಅದು ಬೇಡವಾ ಹಾಗಾದರೆ?

ಭಾವ: ಅದು ಹಳೇ ಪದ್ಧತಿ ಅಷ್ಟೇ. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಇದನ್ನೆಲ್ಲ ಕಿತ್ತುಹಾಕಲಿಲ್ವಾ?

ಚಿಕ್ಕಮ್ಮ: ಇಲ್ಲ. 1517ರಲ್ಲಿ ಅವರು ಬರೆದ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಅನ್ನುತ್ತದೆ. ಅವರು ಜಗಳ ತೆಗೆದದ್ದು ದುಡ್ಡಿಗೆ ಮಾರುತ್ತಿದ್ದ ಪಾಪವಿನಾಯಿತಿ ಚೀಟಿಗಳ ಮೇಲೆ. ಬೈಬಲಿನಲ್ಲಿರುವ ಯೋಹಾನನ ಮೊದಲ ಪತ್ರಿಕೆಯೂ ನಂಬಿದವರಿಗೇ ಬರೆದದ್ದು. ನಮ್ಮಲ್ಲಿ ಪಾಪವಿಲ್ಲ ಅಂದರೆ ನಮ್ಮನ್ನು ನಾವೇ ಮೋಸ ಮಾಡಿಕೊಳ್ಳುತ್ತೇವೆ ಅಂತ ಅವರಿಗೇ ಹೇಳಿದ್ದು. ಯೇಸು ಕಲಿಸಿದ ಪ್ರಾರ್ಥನೆ ನೋಡಿ. ಅನುದಿನದ ಆಹಾರ ಕೇಳಿದ ತಕ್ಷಣ ಬರುವುದು ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುವ ಮಾತು. ಊಟ ದಿನಾ ಬೇಕು, ಕ್ಷಮೆ ಒಂದೇ ಸಲ ಸಾಕಾ?

ಅತ್ತಿಗೆ: ನಾನು ಫಿಲೋಮಿನಾ ಚರ್ಚಿನವಳು, ಕ್ಯಾಥೊಲಿಕ್, ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ವರ್ಷಕ್ಕೊಮ್ಮೆಯಾದರೂ ಗುರುಗಳ ಹತ್ತಿರ ಪಾಪನಿವೇದನೆ ಮಾಡಬೇಕು ಅನ್ನುವುದು 1215ರಲ್ಲಿ ಬಿಷಪ್ಪರು ಸೇರಿದ್ದ ಲ್ಯಾಟರನ್ ಸಭೆಯಿಂದ ಬಂದ ನಿಯಮ. ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ. ಬಾಯಿಬಿಟ್ಟು ಹೇಳುವಾಗಲೇ ನಮ್ಮ ನೆಪಗಳು ನಮಗೆ ಕೇಳಿಸುವುದು.

ತಮ್ಮ: ವರ್ಷಕ್ಕೊಮ್ಮೆ ಹೇಳಿಕೊಳ್ಳುವವರೂ, ವಾರ ವಾರ ಅರಿಕೆ ಓದುವವರೂ ಸೋಮವಾರ ಅದೇ ಕೆಲಸ ಮಾಡುತ್ತಾರಲ್ಲ? ಬಾಯಿಪಾಠ ಆಗಿಹೋಗಿದೆ.

ಚಿಕ್ಕಮ್ಮ: ನಿಜ. ಯೇಸುವನ್ನು ಕಂಡ ಸುಂಕದವನು ಜಕ್ಕಾಯ ಸುಮ್ನೆ ಅತ್ತು ಮುಗಿಸಲಿಲ್ಲ. ಅರ್ಧ ಆಸ್ತಿ ಬಡವರಿಗೆ ಅಂದ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಅಂದ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂದದ್ದು ಯೇಸುವೇ. ಕೆಲಸದವಳ ಸಂಬಳ ಹಿಡಿದಿಟ್ಟುಕೊಂಡು ದೇವರ ಹತ್ತಿರ ಕ್ಷಮೆ ಕೇಳಿದರೆ ಅರ್ಧ ದಾರಿ ಅಷ್ಟೇ. ಈ ಪೋಸ್ಟರ್ ನನಗೆ ನೋವು ಕೊಡುವುದೂ ಅದಕ್ಕೇ. ಹೆಂಡತಿಗೆ ಹೊಡೆದವನು ಇದನ್ನೇ ತೋರಿಸಿ, ದೇವರೇ ಕ್ಷಮಿಸಿಯಾಗಿದೆ, ನೀನ್ಯಾಕೆ ಮತ್ತೆ ಎತ್ತುತ್ತೀಯ ಅನ್ನಬಹುದು. ಪೆಟ್ಟು ತಿಂದವಳ ಬಾಯಿ ಮುಚ್ಚಿಸುವ ಮಾತು ಇದು.

ಭಾವ: ನಾನು ಹಾಕಿದ್ದು ಅದಕ್ಕಲ್ಲ. ನಮ್ಮ ಅಮ್ಮ ಕೊನೇ ತನಕ, ನನಗೆ ಕ್ಷಮೆ ಸಿಕ್ಕಿದೆಯೋ ಇಲ್ಲವೋ ಅಂತ ಅಳುತ್ತಿದ್ದರು. ದಿನಾ ಮೊಣಕಾಲೂರಿ ಕೇಳುತ್ತಿದ್ದರು. ಸಮಾಧಾನ ಮಾತ್ರ ಸಿಗಲಿಲ್ಲ. ಅದನ್ನು ನೋಡಿದವನಿಗೆ ಈ ಪೋಸ್ಟರ್ ಎಷ್ಟು ದೊಡ್ಡದು ಗೊತ್ತಾ?

ಚಿಕ್ಕಮ್ಮ: ಗೊತ್ತು ಭಾವ. ಅತ್ತೆಗೆ ಅರಿಕೆ ಜಾಸ್ತಿಯಾಗಿರಲಿಲ್ಲ, ಅದಕ್ಕೆ ಬರಬೇಕಾದ ಉತ್ತರ ಕಿವಿಗೆ ಬಿದ್ದಿರಲಿಲ್ಲ. ರಾಜ ದಾವೀದ ನಾನು ಪಾಪ ಮಾಡಿದ್ದೇನೆ ಅಂದಾಗ ಪ್ರವಾದಿ ನಾತಾನ ಕಾಯಿಸಲಿಲ್ಲ. ಅದೇ ವಚನದಲ್ಲೇ, ಯೆಹೋವನು ನಿನ್ನ ಪಾಪವನ್ನು ಪರಿಹರಿಸಿದ್ದಾನೆ ಅಂದ. ನಮ್ಮ ಆರಾಧನೆಯಲ್ಲಿ ಅರಿಕೆ ಆದ ಮೇಲೆ ಅಯ್ಯನವರು ಕ್ಷಮೆಯ ಮಾತು ಹೇಳುವುದು, ಅತ್ತಿಗೆಯ ಚರ್ಚಿನಲ್ಲಿ ಗುರುಗಳು ಪಾಪವಿಮೋಚನೆ ಕೊಡುವುದು ಅದಕ್ಕೇ. ಹೆದರಿದವರಿಗೆ ಇನ್ನೊಬ್ಬರ ಬಾಯಿಂದ ಅದನ್ನು ಕೇಳಬೇಕು ಅನಿಸುತ್ತದೆ, ಅಲ್ವಾ? ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿ ಅಂತ ಯಾಕೋಬ ಬೈಬಲಿನಲ್ಲಿರುವ ತನ್ನ ಪತ್ರಿಕೆಯಲ್ಲಿ ಬರೆದಿದ್ದಾನೆ.

ಭಾವ: ಆದರೂ ಪೋಸ್ಟರ್ ಅಳಿಸಲ್ಲ. ಮೊದಲ ಸಾಲು ನಿಜವೇ.

ಚಿಕ್ಕಮ್ಮ: ಮೊದಲ ಸಾಲಿಗೆ ನನ್ನದೂ ಆಮೆನ್. ಕೊನೇ ಸಾಲು ನಾನು ಒಪ್ಪಲ್ಲ.