ಅಪ್‌ಡೇಟ್: ಕೆಂಪು ಬಣ್ಣ ಹರಡೋದು ನಿಂತಿತು

ಕುಕೀಸ್ ಮೇಲಿನ ರಾಯಲ್ ಐಸಿಂಗ್‌ನಲ್ಲಿ (ಒಣಗಿದ ಮೇಲೆ ಗಟ್ಟಿಯಾಗುವ ಸಕ್ಕರೆ ಲೇಪನ) ಕೆಂಪು ಗೆರೆಯ ಬಣ್ಣ ಬಿಳಿ ಪದರಕ್ಕೆ ಇಳಿಯುತ್ತೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ ಸರಿಹೋಯಿತು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಬಿಳಿ ಪದರವನ್ನು ಇಡೀ ರಾತ್ರಿ ಒಣಗಲು ಬಿಟ್ಟು, ಬೆರಳಿಂದ ಮೆಲ್ಲಗೆ ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆಯೇ ಗೆರೆ ಎಳೆದೆ. ಕೆಂಪು ಜೆಲ್ ಬಣ್ಣವನ್ನು ಹಿಂದಿನ ದಿನವೇ ಬೆರೆಸಿಟ್ಟಿದ್ದರಿಂದ ಅದು ತಾನಾಗಿಯೇ ಗಾಢವಾಯಿತು, ಹೆಚ್ಚು ಸುರಿಯಬೇಕಾಗಲಿಲ್ಲ. ಗೆರೆಗೆ ಐಸಿಂಗ್ ಟೂತ್‌ಪೇಸ್ಟಿನಷ್ಟು ಗಟ್ಟಿ ಇರಲಿ ಅಂದವರ ಮಾತು ನೂರಕ್ಕೆ ನೂರು ನಿಜ. ಕುಕೀಸ್ ಮೇಲೆ ಹರಡಿ ಜಾಗ ತುಂಬಿಸುವ ಐಸಿಂಗ್‌ಗೆ ಮಾತ್ರ ಹನಿಹನಿಯಾಗಿ ನೀರು ಸೇರಿಸಿ, ಚಾಕುವಿನಿಂದ ಗೀಚಿದ ಗೆರೆ ಸುಮಾರು 15 ಸೆಕೆಂಡಿನಲ್ಲಿ ಮುಚ್ಚಿಕೊಳ್ಳುವ ಹದಕ್ಕೆ ತಂದೆ.

ಇನ್ನೊಂದು ವಿಷಯ: ತುಂಬಿಸಿದ ಕೂಡಲೇ ಫ್ಯಾನ್ ಮುಂದಿಟ್ಟರೆ ಪುಟ್ಟ ಜಾಗಗಳು ಕುಸಿದು ಗುಂಡಿ ಬೀಳೋದು ತುಂಬಾ ಕಡಿಮೆ, ಹೊಳಪೂ ಚೆನ್ನಾಗಿ ಉಳಿಯುತ್ತೆ.