ಯುಕುಲೇಲೆಗೆ ಯಾವ ಸ್ಟ್ರಿಂಗ್? ಇರುವ ನಾಲ್ಕೂ ನಾಲ್ಕು ಥರ!

ಹೊಸಬೆರಳು:

ನಮಸ್ಕಾರ. ಚಿಕ್ಕಪ್ಪ ಅಟ್ಟದಿಂದ ಇಳಿಸಿ ಕೊಟ್ಟ ಯುಕುಲೇಲೆ (ಪುಟ್ಟ ಗಿಟಾರಿನ ಹಾಗಿರುವ ನಾಲ್ಕು ಸ್ಟ್ರಿಂಗಿನ ವಾದ್ಯ) ಒಂದು ನನ್ನ ಹತ್ತಿರ ಇದೆ. ಒಳಗಿನ ಚೀಟಿ ಹರಿದುಹೋಗಿದೆ. ಯಾವ ಕಂಪನಿ, ಯಾವ ಸೈಜು, ಒಂದೂ ಗೊತ್ತಿಲ್ಲ. ಮೊನ್ನೆ ಶ್ರುತಿ ಮಾಡುವಾಗ ಮೂರನೆಯ ಸ್ಟ್ರಿಂಗ್ ಪಟ್ ಅಂತ ಹರಿಯಿತು. ಅದು ಗಾಜಿನ ಹಾಗೆ ಪಾರದರ್ಶಕ. ಉಳಿದ ಮೂರಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ನಾಲ್ಕನೆಯದಕ್ಕೆ (ಹಿಡಿದಾಗ ಗಲ್ಲದ ಕಡೆ ಬರುವುದು) ತೆಳುವಾಗಿ ಲೋಹ ಸುತ್ತಿದೆ. ಎರಡನೆಯದು ಹಾಲುಬಿಳುಪು, ಮುಟ್ಟಿದರೆ ಸ್ವಲ್ಪ ಒರಟು. ಮೊದಲನೆಯದು ಉಕ್ಕಿನದು. ಅದು ಗಿಟಾರಿನದ್ದು ಅಂತ ಚಿಕ್ಕಪ್ಪನೇ ಒಪ್ಪಿಕೊಂಡರು.

ಅವಸರದಲ್ಲಿ ಒಂದು ಟೆನರ್ ಸೆಟ್ (ಟೆನರ್ ಅನ್ನುವ ದೊಡ್ಡ ಸೈಜಿಗೆ ಹಾಕುವ ಸ್ಟ್ರಿಂಗ್‌ಗಳು) ತಂದಿಟ್ಟಿದ್ದೇನೆ. ಹಾಕಬಹುದಾ? ಇನ್ನೊಂದು ಅನುಮಾನ. ನಾಲ್ಕನೆಯದರಿಂದ ಮೊದಲನೆಯದರವರೆಗೆ ಸ್ವರ ಜಿ, ಸಿ, ಇ, ಎ ತಾನೆ? ಸ್ವರ ತೋರಿಸುವ ಟ್ಯೂನರ್ ನಾಲ್ಕನೆಯದನ್ನು ಸರಿಯಾಗಿ ಜಿ ಅಂತಲೇ ತೋರಿಸುತ್ತಿತ್ತು. ಆದರೂ ವಿಡಿಯೋ ನೋಡಿಕೊಂಡು ಬಾರಿಸಿದರೆ ನನ್ನದು ಬೇರೆ ಯಾವುದೋ ವಾದ್ಯದ ಹಾಗೆ ಕೇಳುತ್ತಿತ್ತು. ಕೆಟ್ಟಿರುವುದು ಕಿವಿಯಾ, ಸ್ಟ್ರಿಂಗಾ?

ಹಳೆಬಿರಡೆ:

ಕಿವಿ ಚೆನ್ನಾಗಿಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಎದ್ದುಹೋಗಿ ಆ ಉಕ್ಕಿನ ಸ್ಟ್ರಿಂಗ್ ಸಡಿಲ ಮಾಡಿ ಬನ್ನಿ.

ಮಾಡಿದಿರಾ? ಸರಿ. ತಂತಿವಾದ್ಯ ತಂತಿವಾದ್ಯ ಅಂದು ಅಂದು ನಮಗೆ ತಂತಿ ಎಂದರೆ ಲೋಹವೇ ನೆನಪಾಗುತ್ತದೆ. ಆದರೆ ಯುಕುಲೇಲೆಗೆ ಹಿಂದೆ ಹಾಕುತ್ತಿದ್ದದ್ದು ಪ್ರಾಣಿಯ ಕರುಳಿನ ನಾರು. ಅದರ ಜಾಗಕ್ಕೆ ಆಮೇಲೆ ನೈಲಾನ್ ಬಂತು. ಈ ಪುಟ್ಟ ಪೆಟ್ಟಿಗೆಯ ತೆಳು ಹಲಗೆ ಅಷ್ಟೇ ಎಳೆತಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅಕೂಸ್ಟಿಕ್ ಗಿಟಾರಿನ ದಪ್ಪನೆಯ ಮೊದಲ ತಂತಿಯನ್ನು ಇಲ್ಲಿ ಎ ಸ್ವರಕ್ಕೆ ಏರಿಸಿದರೆ ಎಳೆತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಆಗುತ್ತದೆ. ನಾನೂ ಹೀಗೇ ಮಾಡಿ ಕೆಟ್ಟವನು. ನಡುರಾತ್ರಿ ಟಪ್ ಅಂತ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಬ್ರಿಡ್ಜ್ (ಸ್ಟ್ರಿಂಗ್ ಕಟ್ಟಲು ಹಲಗೆಗೆ ಅಂಟಿಸಿದ ಪಟ್ಟಿ) ಕಿತ್ತುಬಂದು ಸ್ಟ್ರಿಂಗಿಗೆ ನೇತಾಡುತ್ತಿತ್ತು. ಅದರಡಿ ಹಲಗೆಯ ಸಿಬಿರು ಬೇರೆ. ನೀವು ಒಂದು ತೆಳು ಕಾಗದ ತಗೊಂಡು ಬ್ರಿಡ್ಜಿನ ಹಿಂಬದಿಯ ಅಂಚಿಗೆ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಅಂತ ಅರ್ಥ. ಅದು ಸರಿಯಾಗುವವರೆಗೆ ಹೊಸ ಸ್ಟ್ರಿಂಗ್ ಮಾತು ಬೇಡ.

ಎರಡನೆಯದಾಗಿ ಅಳತೆ. ನಟ್‌ನಿಂದ (ಬಿರಡೆಗಳ ಕೆಳಗೆ ಸ್ಟ್ರಿಂಗ್ ಕೂರುವ ಪಟ್ಟಿ) ಹನ್ನೆರಡನೆಯ ಫ್ರೆಟ್‌ವರೆಗೆ (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) ಅಳೆದು ಎರಡರಿಂದ ಗುಣಿಸಿ. 35 ಸೆಂ.ಮೀ. ಆಸುಪಾಸು ಬಂದರೆ ಸೊಪ್ರಾನೊ, 38 ಆದರೆ ಕನ್ಸರ್ಟ್, 43 ಆದರೆ ಟೆನರ್. ಒಂದೇ ಸ್ಟ್ರಿಂಗನ್ನು ಒಂದೇ ಸ್ವರಕ್ಕೆ 35ರ ಬದಲು 43 ಸೆಂ.ಮೀ.ಗೆ ಎಳೆದರೆ ಬಿಗಿ ಒಂದೂವರೆ ಪಟ್ಟಾಗುತ್ತದೆ. ಹಾಗಾಗಿ ಉದ್ದ ಗೊತ್ತಾಗದೆ ಟೆನರ್ ಸೆಟ್ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಈಗ ಕಿವಿಯ ವಿಷಯ. ಲೋಹ ಸುತ್ತಿದ ನಾಲ್ಕನೆಯದು ಮಂದ್ರದ ಜಿ, 196 ಹರ್ಟ್ಸ್. ವಿಡಿಯೋದವರು ಹಾಕಿರುವುದು ಅದರ ಮೇಲಿನ ಸ್ಥಾಯಿಯ ಜಿ, 392. ಕೆಳಗಿನ ಸ, ಮೇಲಿನ ಸ ಎರಡೂ ಸ ತಾನೆ? ಟ್ಯೂನರಿಗೂ ಅಷ್ಟೇ. ಯುಕುಲೇಲೆಯ ಚಂದವೇ ಅಲ್ಲಿದೆ. ಗಲ್ಲದ ಕಡೆಯ ಸ್ಟ್ರಿಂಗ್ ಪಕ್ಕದ ಸಿ ಸ್ವರಕ್ಕಿಂತ ಎತ್ತರದಲ್ಲಿ ಕುಳಿತಿರುತ್ತದೆ. ನಿಮ್ಮದರಲ್ಲಿ ಕೆಳಗೆ ಕುಳಿತಿದೆ. ತಪ್ಪೇನಲ್ಲ, ಬೇರೆ ಥರ ಅಷ್ಟೇ.

ಪಾರದರ್ಶಕ ತುಂಡು ಯಾವುದು ಅಂತ ತಿಳಿಯಬೇಕಾ? ಗಾಜಿನ ಲೋಟದ ನೀರಿಗೆ ಹಾಕಿ. ನೈಲಾನ್ ಆದರೆ ನೀರಿನೊಳಗೂ ಎದ್ದು ಕಾಣುತ್ತದೆ. ಫ್ಲೋರೋಕಾರ್ಬನ್ ಅನ್ನುವ ಪ್ಲಾಸ್ಟಿಕ್ ಆದರೆ ಅರ್ಧ ಮಾಯವಾದ ಹಾಗೆ ಕಾಣುತ್ತದೆ. ಮೀನು ಹಿಡಿಯುವವರು ಅದನ್ನು ಇಷ್ಟಪಡುವುದು ಅದಕ್ಕೇ.

ಸುಮ್ನೆಸದ್ದು:

ಆ ಹಾಲುಬಿಳುಪಿನದು ನೈಲ್‌ಗಟ್ ಇರಬಹುದು. ಇಟಲಿಯ ಅಕ್ವಿಲಾ ಕಂಪನಿಯ ಕೃತಕ ಸ್ಟ್ರಿಂಗ್. ಕರುಳಿನ ನಾರಿಗೆ ಸಮನಾದ ತೂಕ ಬರುವ ಹಾಗೆ ಮಾಡಿದ್ದು. ನನಗೆ ಇವತ್ತಿಗೂ ಅದೇ ಇಷ್ಟ, ಸದ್ದು ಜೋರು. ಬೆರಳು ಜಾರಿಸುವಾಗ ಕಿರ್ ಅನ್ನುತ್ತದೆ, ಅದೊಂದು ಕಿರಿಕಿರಿ. ಸ್ಟ್ರಿಂಗ್ ಕೂರುವ ನಟ್‌ನ ತೋಡಿನ ಅಂಚು ಚೂಪಾಗಿದ್ದರೆ ಅಲ್ಲೇ ಹರಿಯುವುದೂ ಉಂಟು.

ಬರೀ ಬಣ್ಣ ನೋಡಿ ನಂಬಬೇಡಿ. ಕಪ್ಪು ನೈಲಾನ್ ಇದೆ, ಕಪ್ಪಗಿನ ಬೇರೆಯವೂ ಇವೆ. ಇನ್ನು, ಯಾರಾದರೂ ಮೀನಿನ ಗಾಳದ ದಾರ ಹಾಕಿ ಅಂದರೆ, ಹಾಕಬಹುದು, ನಾನೇ ಹಾಕಿದ್ದೇನೆ. ಆದರೆ ಮೇಲೆ ಮಾತ್ರ ಫ್ಲೋರೋಕಾರ್ಬನ್ ಬಳಿದು ಒಳಗೆ ನೈಲಾನ್ ಇರುವ ದಾರಗಳೂ ಇವೆ. ಎಷ್ಟು ಭಾರ ತಡೆಯುತ್ತದೆ ಅನ್ನುವುದಲ್ಲ, ಎಷ್ಟು ಮಿ.ಮೀ. ದಪ್ಪ ಅನ್ನುವುದನ್ನು ನೋಡಿ.

ಹೊಸಬೆರಳು:

ಕಾಗದ ಒಂದು ಮೂಲೆಯಲ್ಲಿ ಉಗುರಿನಷ್ಟು ಒಳಗೆ ಹೋಯಿತು! ಪಿಟೀಲು ರಿಪೇರಿ ಮಾಡುವ ಒಬ್ಬರ ಹತ್ತಿರ ಕೊಟ್ಟು ಅಂಟು ಹಾಕಿಸಿಕೊಂಡು ಬಂದೆ. ಅದಕ್ಕೇ ಇಷ್ಟು ದಿನ ಉತ್ತರ ಕೊಡಲಿಲ್ಲ. ಅಳತೆ 19 ಸೆಂ.ಮೀ. ಬಂತು. ಅಂದರೆ 38, ಕನ್ಸರ್ಟ್. ಹರಿದ ತುಂಡು ನೀರಿನಲ್ಲಿ ನಿಜವಾಗಿಯೂ ಕಣ್ಮರೆಯಾಗುತ್ತದೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಟೆನರ್ ಸೆಟ್ ಬದಿಗಿಟ್ಟು ಕನ್ಸರ್ಟಿಗೆ ಫ್ಲೋರೋಕಾರ್ಬನ್ ಸೆಟ್ ತಂದೆ. ಮೇಲಿನ ಜಿ ಇರುವುದೇ. ಈಗ ಒಂದು ಎಡವಟ್ಟು. ನಾಲ್ಕನ್ನೂ ಲಕೋಟೆಯಿಂದ ಒಟ್ಟಿಗೆ ತೆಗೆದು ಮೇಜಿನ ಮೇಲೆ ಹಾಕಿಬಿಟ್ಟೆ. ಯಾವುದು ಯಾವುದು ಅಂತ ಗೊತ್ತಾಗುತ್ತಿಲ್ಲ.

ಹಳೆಬಿರಡೆ:

ಎಲ್ಲರೂ ಒಮ್ಮೆ ಮಾಡುವ ಎಡವಟ್ಟೇ. ಎಲ್ಲಕ್ಕಿಂತ ದಪ್ಪದ್ದು ಸಿ, ಮೂರನೆಯ ಜಾಗಕ್ಕೆ. ಅದರ ನಂತರದ ದಪ್ಪದ್ದು ಇ, ಎರಡನೆಯದು. ಅಲ್ಲಿಯವರೆಗೆ ಸಲೀಸು. ಉಳಿದ ಎರಡು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೆಬ್ಬೆರಳು, ತೋರುಬೆರಳಿನ ನಡುವೆ ಉರುಳಿಸಿ. ಸಾಮಾನ್ಯವಾಗಿ ಕೂದಲಿನಷ್ಟು ದಪ್ಪ ಜಾಸ್ತಿ ಇರುವುದು ಜಿ. ದಪ್ಪ ಅಳೆಯುವ ಕ್ಯಾಲಿಪರ್ ಸಿಕ್ಕರೆ ಇನ್ನೂ ಒಳ್ಳೆಯದು.

ಹಳೆ ನೈಲಾನ್ ಇಟ್ಟುಕೊಂಡು ಹೋಲಿಸಬೇಡಿ. ಫ್ಲೋರೋಕಾರ್ಬನ್ ಭಾರದ ಪದಾರ್ಥ, ಅದೇ ಸ್ವರಕ್ಕೆ ನೈಲಾನಿನ ಐದರಲ್ಲಿ ನಾಲ್ಕು ಭಾಗ ದಪ್ಪ ಇದ್ದರೆ ಸಾಕು. ಎಲ್ಲವೂ ತೆಳು ಅನ್ನಿಸಿ ಗಾಬರಿಯಾಗುತ್ತದೆ.

ಹೊಸಬೆರಳು:

ಅಣ್ಣನ ಕ್ಯಾಲಿಪರ್ ಸಿಕ್ಕಿತು. 0.81, 0.66, 0.57, 0.52 ಮಿ.ಮೀ. ಹಾಗಾದರೆ 0.57 ಜಿ, 0.52 ಎ. ಹಾಕಿಯೂ ಆಯಿತು. ಮೇಲಿನ ಜಿ ಮೀಟಿದಾಗ ವಿಡಿಯೋದ ಸದ್ದೇ ಬಂತು! ಆದರೆ ಎ ಮಾತ್ರ ಐದೈದು ನಿಮಿಷಕ್ಕೆ ಇಳಿಯುತ್ತಿದೆ. ಸ್ಟ್ರಿಂಗೇ ಕೆಟ್ಟದ್ದಾ?

ಸುಮ್ನೆಸದ್ದು:

ಕೆಟ್ಟದ್ದಲ್ಲ. ಹೊಸದು ಕೆಲವು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ. ಆದರೆ ಐದು ನಿಮಿಷಕ್ಕೆ ಇಳಿದರೆ ಬ್ರಿಡ್ಜಿನಲ್ಲಿ ಗಂಟು ಜಾರುತ್ತಿರಬಹುದು. ತೆಳು ಮತ್ತು ನುಣುಪು ಅಲ್ವಾ. ಬಿಚ್ಚಿ, ಸುತ್ತುವಾಗ ಒಂದು ಸುತ್ತು ಹೆಚ್ಚು ಹಾಕಿ. ತುದಿ ಬ್ರಿಡ್ಜಿನ ಹಿಂಬದಿಯ ಅಂಚಿನಿಂದ ಕೆಳಗೆ ಸಿಕ್ಕಿಕೊಂಡಿರಬೇಕು, ಮೇಲೆ ನಿಲ್ಲಬಾರದು. ಬಾಲ ಈಗಲೇ ಕತ್ತರಿಸಬೇಡಿ.